ಬಾಡಿಸಿದ ಮೊಳಕೆ ಯಾರದು

"ಪೂರ್ವಜರ ಜ್ಞಾನ" ಎಂದು ಯಾರಾದರೂ ಬಾಯಿ ತುಂಬ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಪೂರ್ವಜರ ಮೇಲೆ ನನಗೇನೂ ಸಿಟ್ಟಿಲ್ಲ. ಅವರು ಹೆಗ್ಗಡದೇವನಕೋಟೆ ಕಡೆಯಿಂದ ಕಾಡು ದಾಟಿ ಬಂದು ಕೇರಳದ ವಯನಾಡಿನ ತಿರುನೆಲ್ಲಿಯ ಈ ಬಯಲಲ್ಲಿ ಗದ್ದೆ ಮಾಡಿದರು, ಆನೆ ಓಡಿಸಿದರು, ಒಂದಷ್ಟು ಜನ ಚಳಿಜ್ವರದಲ್ಲಿ ಸತ್ತರು, ಉಳಿದವರು ನಮ್ಮನ್ನು ಹೆತ್ತರು. ಆ ಋಣ ನನಗಿದೆ. ಆದರೆ ನಾನು ಪ್ರಯೋಗಾಲಯದಲ್ಲಿ ನಿಂತು, ನನ್ನ ಸ್ವಂತ ತಲೆ ಓಡಿಸಿ ಕಂಡುಹಿಡಿದದ್ದನ್ನು ಅವರ ಕೊರಳಿಗೆ ಕಟ್ಟಿ, ನನ್ನನ್ನು ಬರಿಗೈಯಲ್ಲಿ ಕಳಿಸಲು ಬಂದವರಿದ್ದಾರಲ್ಲ, ಅವರ ಮೇಲೆ ಸಿಟ್ಟಿದೆ. ಅದನ್ನು ಮುಚ್ಚಿಡುವ ಮನಸ್ಸೂ ನನಗಿಲ್ಲ.

ಈಗ ನಾನು ಮಾನಂದವಾಡಿಯ ಒಂದು ಹೈಯರ್ ಸೆಕೆಂಡರಿ ಶಾಲೆಯಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಶಾಲೆಯಲ್ಲಿ ಮಲಯಾಳ, ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ ಯಾವುದು ಬರುತ್ತದೋ ಅದು. ಇದಕ್ಕೆ ಮೊದಲು ದೂರದ ಒಂದು ನಗರದ ಸಂಶೋಧನಾ ಸಂಸ್ಥೆಯಲ್ಲಿ ಗುತ್ತಿಗೆಯ ಮೇಲೆ ಕೆಲಸದಲ್ಲಿದ್ದೆ. ಭತ್ತದ ಒಳಗೆ ಹೊಸ ಜೀನು ಸೇರಿಸುವ ಕೆಲಸ. ಊರಿನಲ್ಲಿ ಇದನ್ನು ಹೇಳಿದಾಗ ಮೇಲಿನ ಮನೆಯ ಹೆಂಗಸು, "ಅಕ್ಕಿಗೆ ಚೇಳಿನ ರಕ್ತ ಹಾಕೋಳು ನೀನೇಯಾ?" ಎಂದು ಕೇಳಿದ್ದಳು. ಅಲ್ಲ ಎಂದು ಎಷ್ಟು ಬಿಡಿಸಿ ಹೇಳಿದರೂ ಆಕೆ ನಮ್ಮ ಮನೆಯ ಪಾಯಸ ಮುಟ್ಟಲಿಲ್ಲ. ಅಂಥ ಬೆಳೆ ನಮ್ಮ ಬಯಲಿಗೆ ಬರಬೇಕೋ ಬೇಡವೋ ಎನ್ನುವುದು ಬೇರೆಯೇ ಜಗಳ, ಅದರಲ್ಲಿ ನಾನೂ ಒಮ್ಮೊಮ್ಮೆ ಆಕೆಯ ಪಕ್ಷಕ್ಕೇ ಸೇರುತ್ತೇನೆ. ಇಲ್ಲಿ ಹೇಳುತ್ತಿರುವ ಜಗಳ ಅದಲ್ಲ. ಕಂಡುಹಿಡಿದವರು ಯಾರು ಎಂಬುದಷ್ಟೇ.

ಕೆಲಸ ಏನೆಂದು ಸ್ವಲ್ಪ ಹೇಳಬೇಕು. ಮಣ್ಣಿನಲ್ಲಿ ಗಿಡಗಳಿಗೆ ಗಂಟುರೋಗ ತರುವ ಒಂದು ಜಾತಿಯ ಬ್ಯಾಕ್ಟೀರಿಯ ಇದೆ. ಗಿಡಕ್ಕೆ ಗಾಯವಾದ ಕಡೆ ಅಂಟಿಕೊಂಡು ತನ್ನದೊಂದಿಷ್ಟು ಜೀನನ್ನು ಗಿಡದ ಜೀವಕೋಶದೊಳಗೆ ಸೇರಿಸಿಬಿಡುತ್ತದೆ. ವಿಜ್ಞಾನಿಗಳು ಅದರ ಹೆಗಲಿಗೆ ತಮಗೆ ಬೇಕಾದ ಜೀನನ್ನು ಹೊರಿಸಿ ಕಳಿಸುತ್ತಾರೆ. ಭತ್ತದಲ್ಲಿ ಇದನ್ನು ಮಾಡಲು ಗಾಜಿನ ತಟ್ಟೆಯಲ್ಲಿ ಅಂಗಾಂಶ ಬೆಳೆಸಿ, ತಿಂಗಳುಗಟ್ಟಲೆ ಆರೈಕೆ ಮಾಡಿ, ಅದರಿಂದ ಗಿಡ ಎಬ್ಬಿಸಬೇಕು. ನಮ್ಮ ತಂಡ ಹುಡುಕುತ್ತಿದ್ದದ್ದು ಆ ಗೋಜಿಲ್ಲದ ದಾರಿ. ಮೊಳಕೆಯೊಡೆದ ಬೀಜಕ್ಕೇ ಸೂಜಿ ಚುಚ್ಚಿ, ಬ್ಯಾಕ್ಟೀರಿಯ ಬೆಳೆಸಿದ ನೀರಿನಲ್ಲಿ ನೆನೆಸಿ, ನೇರವಾಗಿ ಮಣ್ಣಿಗೆ ಹಾಕುವುದು. ಮಾಡಿ ನೋಡಿದವರು ಬೇಕಾದಷ್ಟು ಜನ ಇದ್ದರು. ಆದರೆ ಭತ್ತದ ಮೊಳಕೆ ಆ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನೂರಾರು ಬೀಜ ಚುಚ್ಚಿದರೆ ಒಂದೋ ಎರಡೋ ಸಿಕ್ಕಿದರೆ ಪುಣ್ಯ.

ಒಂದು ದಿನ ಮೊಳಕೆಗಳು ತಯಾರಾಗಿದ್ದವು, ಬ್ಯಾಕ್ಟೀರಿಯ ಕೈಕೊಟ್ಟಿತು. ಬೆಳೆಸಿಟ್ಟಿದ್ದ ಸೀಸೆಯಲ್ಲಿ ಬೂಸ್ಟು ಸೇರಿ ಎಲ್ಲ ಹಾಳಾಗಿತ್ತು. ಮತ್ತೆ ಬೆಳೆಸಲು ಮರುದಿನದ ತನಕ ಕಾಯಬೇಕು. ಅಷ್ಟರಲ್ಲಿ ಮೊಳಕೆ ಉದ್ದವಾಗಿ ಕೆಲಸಕ್ಕೆ ಬಾರದಾಗುತ್ತದೆ. ನಮ್ಮ ನಿರ್ದೇಶಕರು ಅದೇ ದಾರಿಯಲ್ಲಿ ಹೋಗುತ್ತಿದ್ದವರು ಬಾಗಿಲಲ್ಲೇ ನಿಂತು, "ಬಿಸಾಡಿ, ಹೊಸದು ನೆನೆಹಾಕಿ" ಎಂದು ಹೇಳಿ ಹೋದರು.

ನನ್ನ ಕೈ ಬರಲಿಲ್ಲ. ನಮ್ಮ ಮನೆಯಲ್ಲಿ ಮೊಳಕೆ ಬಂದ ಭತ್ತವನ್ನು ಎಸೆಯುವ ಪದ್ಧತಿಯೇ ಇಲ್ಲ. ಬಿತ್ತನೆಯ ಭತ್ತ ಮೊಳಕೆಯೊಡೆದು, ಅದೇ ಹೊತ್ತಿಗೆ ಮಳೆ ಸುರಿದು ಒಟ್ಲಿನಲ್ಲಿ, ಅಂದರೆ ಸಸಿಮಡಿಯಲ್ಲಿ, ನೀರು ನಿಂತರೆ ಬಿತ್ತುವುದು ಹೇಗೆ? ಆಗ ಅವ್ವ ಗೋಣಿ ಬಿಚ್ಚಿ ಮೊಳಕೆಗಳನ್ನು ನೆರಳಲ್ಲಿ ಚಾಪೆಯ ಮೇಲೆ ತೆಳ್ಳಗೆ ಹರಡುತ್ತಿದ್ದಳು. ಮೊಳಕೆ ಸೊರಗಿ ಅಲ್ಲಿಗೇ ನಿಲ್ಲುತ್ತಿತ್ತು, ಸಾಯುತ್ತಿರಲಿಲ್ಲ. ಮಳೆ ಬಿಟ್ಟ ಮೇಲೆ ನೀರು ಚಿಮುಕಿಸಿ ಬಿತ್ತುತ್ತಿದ್ದಳು. ಇದಕ್ಕೆ ಬಾಡಿಸುವುದು ಎನ್ನುತ್ತೇವೆ. ಪ್ರಯೋಗಾಲಯದಲ್ಲಿ ಚಾಪೆ ಎಲ್ಲಿಂದ ಬರಬೇಕು? ಸೋಸುವ ಕಾಗದದ ಮೇಲೆ ಹರಡಿಟ್ಟು ಮನೆಗೆ ಹೋದೆ.

ಮರುದಿನ ಸೊರಗಿದ ಮೊಳಕೆಗಳಿಗೆ ಸೂಜಿ ಚುಚ್ಚಿ ಬ್ಯಾಕ್ಟೀರಿಯದ ನೀರಿಗೆ ಹಾಕಿದೆ. ಅವು ನೋಡನೋಡುತ್ತಲೇ ನೆಟ್ಟಗಾದವು. ಗಾಜಿನ ಬಟ್ಟಲಿನ ನೀರು ಕಣ್ಣಿಗೆ ಕಾಣುವಷ್ಟು ಇಳಿದಿತ್ತು. ನಾನು ಅಲ್ಲೇ ಕುರ್ಚಿ ಎಳೆದು ಕೂತೆ. ಬಾಯಾರಿದವರು ಏನು ಕುಡಿಯುತ್ತಿದ್ದೇವೆ ಎಂದು ನೋಡುವುದಿಲ್ಲ, ಅಲ್ಲವೆ? ಇಷ್ಟು ದಿನ ನಾವು ಹೊಟ್ಟೆ ತುಂಬ ನೀರು ಕುಡಿದ ಮೊಳಕೆಯ ಬಾಯಿಗೆ ಮತ್ತೆ ಲೋಟ ಹಿಡಿಯುತ್ತಿದ್ದೆವು. ಈ ಯೋಚನೆ ಬಂದದ್ದು ನನಗೆ. ಆ ಕೋಣೆಯಲ್ಲಿ ಆಗ ಬೇರೆ ಯಾರೂ ಇರಲಿಲ್ಲ.

ನಮ್ಮ ಜೀನು ಒಳಗೆ ಸೇರಿದ್ದರೆ ಬಣ್ಣ ಪರೀಕ್ಷೆಯಲ್ಲಿ ಮೊಳಕೆ ನೀಲಿಯಾಗಬೇಕು. ಆ ಸಲ ಎಷ್ಟು ನೀಲಿ ಬಂತೆಂದರೆ ಬಣ್ಣವೇ ಕೆಟ್ಟಿರಬೇಕು ಎಂದುಕೊಂಡು ಹೊಸ ಸೀಸೆಯ ಬಣ್ಣ ತಂದು ಹಾಕಿದೆ. ಅದೂ ನೀಲಿಯಾಯಿತು. ಆಮೇಲೆ ಶುರುವಾಯಿತು ನಿಜವಾದ ದುಡಿಮೆ. ಎಷ್ಟು ಬಾಡಿಸಬೇಕು? ಕಡಿಮೆಯಾದರೆ ಕುಡಿಯುವುದಿಲ್ಲ, ಹೆಚ್ಚಾದರೆ ಏಳುವುದಿಲ್ಲ. ಸೂಜಿ ಬಾಡಿಸುವ ಮೊದಲೋ ಆಮೇಲೋ? ಯಾವ ತಳಿಗೆ ಎಷ್ಟು ಹೊತ್ತು? ಒಂದು ಮಳೆಗಾಲ ಪೂರ್ತಿ ಇದರಲ್ಲೇ ಕಳೆಯಿತು. ಆ ಗಿಡಗಳ ಮುಂದಿನ ಪೀಳಿಗೆಯ ಬೀಜದಲ್ಲೂ ನೀಲಿ ಬಂದಾಗ ನಾನು ಕಾರಿಡಾರಿನಲ್ಲಿ ಕಿರುಚಿಕೊಂಡು ಓಡಿದ್ದು ಅಲ್ಲಿದ್ದವರಿಗೆಲ್ಲ ನೆನಪಿದೆ. ಬೇಕಾದರೆ ಕೇಳಬಹುದು.

ಪೇಟೆಂಟಿಗೆ ಅರ್ಜಿ ಹೋಯಿತು. ಆವಿಷ್ಕಾರ ಮಾಡಿದವರು ಎಂಬ ಕಡೆ ನಿರ್ದೇಶಕರ ಹೆಸರು, ಅವರ ಕೆಳಗಿನ ಇನ್ನೊಬ್ಬ ವಿಜ್ಞಾನಿಯ ಹೆಸರು. ನನ್ನ ಹೆಸರಿಲ್ಲ. ಕೇಳಿದ್ದಕ್ಕೆ ನಿರ್ದೇಶಕರು ನಕ್ಕು, "ನೀವು ಗುತ್ತಿಗೆಯವರು, ಮುಂದೆ ಸಹಿಗೆಲ್ಲ ಓಡಾಡುವುದು ನಿಮಗೇ ತೊಂದರೆ" ಎಂದರು. ನನ್ನ ತೊಂದರೆಯ ಬಗ್ಗೆ ಅವರಿಗೆ ಅಷ್ಟೊಂದು ಕಾಳಜಿ. ಗುತ್ತಿಗೆ ಮುಗಿಯಿತು, ಮುಂದುವರಿಸಲಿಲ್ಲ. ಶಾಲೆಯ ಕೆಲಸ ಸಿಕ್ಕಿ ಊರಿಗೆ ಬಂದೆ. ಪೇಟೆಂಟೂ ಮಂಜೂರಾಯಿತೆಂದು ಆಮೇಲೆ ಪತ್ರಿಕೆಯಲ್ಲಿ ಓದಿದೆ. ನಾನು ಅದನ್ನು ಮರೆತಿದ್ದೆ ಎಂದರೆ ಸುಳ್ಳು. ತರಗತಿಯಲ್ಲಿ ಮೊಳಕೆಯ ಪಾಠ ಬಂದಾಗಲೆಲ್ಲ ಬೇಗ ಬೇಗ ಮುಗಿಸಿ ಪುಟ ತಿರುವುತ್ತಿದ್ದೆ.

ಬೇರೊಂದು ರಾಜ್ಯದ ಬೀಜ ಕಂಪನಿಯೊಂದು ಆ ಪೇಟೆಂಟನ್ನು ವಿರೋಧಿಸಿದ ಮೇಲೆ ನನ್ನ ನೆನಪು ಎಲ್ಲರಿಗೂ ಒಟ್ಟಿಗೇ ಬಂತು. ಕಂಪನಿಯವರು ಮೊದಲು, ಈ ವಿಧಾನವನ್ನು ನಮ್ಮ ವಿಜ್ಞಾನಿಯೇ ನಿಮಗಿಂತ ಮುಂಚೆ ಕಂಡುಹಿಡಿದಿದ್ದರು ಎಂದು ವಾದಿಸಿದರಂತೆ. ಸಂಸ್ಥೆಯವರು, ಅಲ್ಲ, ನಮ್ಮ ನಿರ್ದೇಶಕರೇ ಮೊದಲು ಎಂದರಂತೆ. ಇಬ್ಬರೂ ಮೊದಲಿಗರು, ಇಬ್ಬರಲ್ಲಿ ಒಬ್ಬರೂ ಒಂದು ಮೊಳಕೆ ಬಾಡಿಸಿದವರಲ್ಲ. ಸಂಸ್ಥೆಯ ವಕೀಲರು ಫೋನ್ ಮಾಡಿ, ನಿರ್ದೇಶಕರ ಸೂಚನೆಯಂತೆ ನಾನು ಕೆಲಸ ಮಾಡಿದೆ ಎಂದು ಒಂದು ಪ್ರಮಾಣಪತ್ರ ಕೊಡಬೇಕೆಂದು ಕೇಳಿದರು.

"ಅವರ ಸೂಚನೆ ಬಿಸಾಡಿ ಎಂದಿತ್ತು. ಅದನ್ನೇ ಬರೆದುಕೊಡಲೇ?" ಎಂದೆ.

ಮತ್ತೆ ಕರೆ ಮಾಡುತ್ತೇನೆ ಎಂದು ಅವರು ಫೋನ್ ಇಟ್ಟರು.

ನಾನು ಸುಮ್ಮನೆ ಕೂರಲಿಲ್ಲ. ಆವಿಷ್ಕಾರ ಮಾಡಿದವರ ಹೆಸರು ಬಿಟ್ಟುಹೋಗಿದ್ದರೆ ಅವರೇ ಅರ್ಜಿ ಹಾಕಿ ಸೇರಿಸಲು ಕೇಳಬಹುದು ಎಂದು ಕಾನೂನಿನಲ್ಲೇ ಇದೆ. ಓದಿ ತಿಳಿದುಕೊಂಡೆ, ಅರ್ಜಿ ಹಾಕಿದೆ. ಮೊದಲ ದಿನದಿಂದ ಕೊನೆಯ ದಿನದವರೆಗೆ ಏನಾಯಿತೆಂದು ಬರೆದೆ. ನಿರ್ದೇಶಕರು ಬಾಗಿಲಲ್ಲಿ ನಿಂತು ಹೇಳಿದ್ದನ್ನೂ ಬರೆದೆ. ಮನೆಯಲ್ಲಿ ಭತ್ತ ಬಾಡಿಸುತ್ತಿದ್ದೆವು, ಅದೇ ರೂಢಿಯಲ್ಲಿ ಹರಡಿಟ್ಟೆ ಎಂಬುದನ್ನೂ ಬರೆದೆ. ನಡೆದದ್ದು ನಡೆದ ಹಾಗೆ. ಈ ಕೊನೆಯದನ್ನು ಕಂಪನಿಯವರು ಎಷ್ಟು ಆಸೆಯಿಂದ ಹಿಡಿದುಕೊಳ್ಳುತ್ತಾರೆಂದು ಆಗ ನನಗೆ ಹೊಳೆದಿರಲಿಲ್ಲ. ಪರಂಪರೆಯಿಂದ ಬಂದ ತಿಳುವಳಿಕೆಗೆ ಪೇಟೆಂಟ್ ಕೊಡುವಂತಿಲ್ಲ. ಇದು ವಯನಾಡಿನ ರೈತರು ಹಿಂದಿನಿಂದ ಮಾಡುತ್ತಿದ್ದದ್ದು ಎಂದು ಸಾಧಿಸಿದರೆ ಪೇಟೆಂಟೇ ಬಿದ್ದುಹೋಗುತ್ತದೆ, ಕಂಪನಿ ಯಾರನ್ನೂ ಕೇಳದೆ ಆ ವಿಧಾನವನ್ನು ಬಳಸಬಹುದು.

ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬರುವಾಗ ಜಗಲಿಯಲ್ಲಿ ಕಂಪನಿಯ ವಕೀಲ ಕೂತಿದ್ದ. ನಲವತ್ತರ ಆಸುಪಾಸಿನ, ಮೃದು ಮಾತಿನ ಮನುಷ್ಯ. ಶೂ ಬಿಚ್ಚಿ, ಕಾಲು ತೊಳೆದುಕೊಂಡು, ಅವ್ವನ ಎದುರು ನೆಲದ ಮೇಲೇ ಕೂತಿದ್ದ. ಅವ್ವ ಬೆಲ್ಲದ ಕಾಫಿ ಕೊಟ್ಟಿದ್ದಳು. ಚಾಪೆ, ಗೋಣಿ, ಮೊರ ಎಲ್ಲ ಜಗಲಿಗೆ ಬಂದಿದ್ದವು. ಅವ್ವ ಮಲಯಾಳದಲ್ಲಿ ಮೊಳಕೆ ಬಾಡಿಸುವ ಕ್ರಮ ವಿವರಿಸುತ್ತಿದ್ದಳು, ಅವನು ಫೋನಿನಲ್ಲಿ ಅದನ್ನು ಹಿಡಿಯುತ್ತಿದ್ದ.

"ಇದು ನಿಮ್ಮ ಪೂರ್ವಜರ ಜ್ಞಾನ, ಟೀಚರ್," ಎಂದ ನನ್ನನ್ನು ಕಂಡು. "ಒಂದು ಸಂಸ್ಥೆ ಅದನ್ನು ಕದ್ದಿದೆ. ನಾವು ಅದನ್ನು ನಿಮ್ಮ ಜನಕ್ಕೆ ವಾಪಸು ಕೊಡಿಸುತ್ತೇವೆ."

"ನನ್ನ ಜನಕ್ಕೆ ಆಮೇಲೆ ಕೊಡಿಸಿ, ಮೊದಲು ನನಗೆ ಕೊಡಿಸಿ. ಕಂಡುಹಿಡಿದವಳು ನಾನು," ಎಂದೆ.

ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಅವ್ವನ ಕಡೆ ತಿರುಗಿ, "ಅಮ್ಮ, ಇದು ನಿಮ್ಮದು ತಾನೆ?" ಎಂದು ಕೇಳಿದ.

ಅವ್ವ ನನ್ನ ಮುಖ ನೋಡಲಿಲ್ಲ. "ಹೌದು, ನಂದೇಯ" ಅಂದಳು. "ನಮ್ಮತ್ತೆ ಹೇಳ್ಕೊಟ್ಟದ್ದು. ಇವ್ಳು ಹುಟ್ಟೋಕ್ ಮುಂಚಿಂದ ಮಾಡ್ತಿವ್ನಿ."

ಆ ಹೊತ್ತಿನಲ್ಲಿ ನನಗೆ ಆದ ನೋವನ್ನು ನಿರ್ದೇಶಕರೂ ಕೊಟ್ಟಿರಲಿಲ್ಲ. ಅವರು ಹೊರಗಿನವರು. ಇವಳು ನನ್ನ ತಾಯಿ. ನಾನು ಆ ಸಂಸ್ಥೆಯಿಂದ ಬಂದ ದಿನ ನನ್ನ ಚೀಲ ಇಳಿಸಿಕೊಂಡವಳು, ಏನಾಯಿತೆಂದು ಒಂದೊಂದಾಗಿ ಕೇಳಿ ತಿಳಿದುಕೊಂಡವಳು, "ಆ ಮನ್ಸನ್ ಕೈಗೆ ಹುಳ ಬೀಳ" ಎಂದು ನಿರ್ದೇಶಕರಿಗೆ ಶಾಪ ಹಾಕಿದವಳು. ಈಗ ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಅವರು ಮಾಡಿದ್ದನ್ನೇ ಮಾಡಿದಳು.

ವಕೀಲ ಹೋದ ಮೇಲೆ ನಾವು ಜಗಳವಾಡಿದೆವು. ನಾನು ದನಿ ಏರಿಸಿದೆ. ಅವಳೂ ಬಿಡಲಿಲ್ಲ.

"ಎಂತ ಕಂಡ್ಹಿಡ್ದೆ ನೀನು? ಬಿತ್ತ ಬಾಡ್ಸೋದು ಊರಿಗೇ ಗೊತ್ತು."

"ಊರಿಗೆ ಗೊತ್ತಿದ್ದರೆ ಊರಿನವರು ಯಾಕೆ ಜೀನು ಸೇರಿಸಲಿಲ್ಲ?"

"ಅದೆಲ್ಲ ನಂಗೊತ್ತಿಲ್ಲ. ಬಾಡ್ಸೋದು ನಂದು. ನಿಂಗೆ ನಾನಲ್ದೆ ಯಾರು ಕಲ್ಸಿದ್ರು?"

"ನಡೆಯೋದನ್ನೂ ನೀನೇ ಕಲಿಸಿದ್ದು. ಹಾಗಂತ ನಾನು ಹೋದ ಕಡೆಗೆಲ್ಲ ನೀನೇ ಹೋದದ್ದಾ?"

ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಆ ವಾರವೆಲ್ಲ ಅಡುಗೆಗೆ ಉಪ್ಪು ಹೆಚ್ಚಾಗಿತ್ತು.

ಅಷ್ಟಕ್ಕೇ ನಿಲ್ಲಲಿಲ್ಲ. ಕಂಪನಿಯವರು ಮಾನಂದವಾಡಿಯ ಒಂದು ಸಭಾಂಗಣದಲ್ಲಿ ಹಿರಿಯ ರೈತ ಮಹಿಳೆಯರಿಗೆ ಸನ್ಮಾನ ಇಟ್ಟುಕೊಂಡರು. ಹಿರಿಯ ರೈತ ಮಹಿಳೆ ಎಂದರೆ ಮುಖ್ಯವಾಗಿ ನಮ್ಮವ್ವ, ಉಳಿದವರು ಲೆಕ್ಕ ಭರ್ತಿಗೆ. ಕೇಸರಿ ಅಂಚಿನ ಶಾಲು ಹೊದಿಸಿದರು. ಅವ್ವ ಅದನ್ನು ಹೊದ್ದುಕೊಂಡೇ ಬಸ್ಸಿನಲ್ಲಿ ಬಂದಳು, ಬಸ್ಸಿನಿಂದ ಇಳಿದು ಮನೆಯವರೆಗೂ ಹೊದ್ದುಕೊಂಡೇ ನಡೆದಳು. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ನಿಂತು ಹೇಳಿದಳು. ಅಕ್ಕಿಗೆ ಚೇಳಿನ ರಕ್ತ ಹಾಕುತ್ತಾರೆ ಎಂದ ಮೇಲಿನ ಮನೆಯ ಹೆಂಗಸೂ ಬಂದು ಶಾಲಿನ ಅಂಚು ಮುಟ್ಟಿ ನೋಡಿ ಹೋದಳು. ನನ್ನ ಅವ್ವನನ್ನು ಅಷ್ಟು ಸಂತೋಷದಲ್ಲಿ ನಾನು ಎಂದೂ ನೋಡಿರಲಿಲ್ಲ. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಸಂಸ್ಥೆಯ ವಕೀಲರು ಮತ್ತೆ ಕರೆ ಮಾಡಿದರು. ಈ ಸಲ ದನಿಯಲ್ಲಿ ಬೆಣ್ಣೆ ಇತ್ತು. ನನ್ನ ಹೆಸರನ್ನು ಮೂರನೆಯದಾಗಿ ಸೇರಿಸಲು ನಿರ್ದೇಶಕರು ದೊಡ್ಡ ಮನಸ್ಸು ಮಾಡಿದ್ದಾರಂತೆ. ನನ್ನ ಹೇಳಿಕೆಯಿಂದ ಎರಡು ಸಂಗತಿ ತೆಗೆಯಬೇಕು. ಒಂದು, ಮನೆಯಲ್ಲಿ ಭತ್ತ ಬಾಡಿಸುತ್ತಿದ್ದೆವು ಎಂಬುದು. ಇನ್ನೊಂದು, ನಿರ್ದೇಶಕರು ಬಿಸಾಡಿ ಎಂದರು ಎಂಬುದು.

"ಎರಡೂ ತೆಗೆದರೆ ಇನ್ನೇನು ಉಳಿಯುತ್ತದೆ?" ಎಂದು ಕೇಳಿದೆ.

"ನಿಮ್ಮ ಹೆಸರು ಉಳಿಯುತ್ತದಲ್ಲ, ಮೇಡಂ."

"ಸುಳ್ಳಿನ ಮೇಲೆ ಕೂರಿಸಿದ ಹೆಸರು ನನಗೆ ಬೇಡ. ಒಂದಕ್ಷರ ತೆಗೆಯುವುದಿಲ್ಲ."

"ನಿಮ್ಮ ತಾಯಿಯೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತಾರೆ, ಯೋಚನೆ ಮಾಡಿ," ಎಂದರು. ಯೋಚನೆ ಮಾಡಿಯಾಗಿತ್ತು. ಫೋನ್ ಇಟ್ಟೆ.

ವಿಚಾರಣೆ ವಿಡಿಯೋದಲ್ಲಿ. ಪೇಟೆಂಟ್ ಅಧಿಕಾರಿ ಅವರ ಕಚೇರಿಯಲ್ಲಿ, ನಿರ್ದೇಶಕರು ಅವರ ಊರಿನಲ್ಲಿ, ನಾವು ಮಾನಂದವಾಡಿಯ ಆಸ್ಪತ್ರೆ ರಸ್ತೆಯಲ್ಲಿ ಒಬ್ಬ ವಕೀಲರ ಕಚೇರಿಯಲ್ಲಿ. ಅಲ್ಲಿನ ದೊಡ್ಡ ಪರದೆಯನ್ನು ಕಂಪನಿಯವರು ಆ ದಿನಕ್ಕೆ ಗೊತ್ತು ಮಾಡಿದ್ದರು, ನನ್ನನ್ನೂ ಅಲ್ಲಿಗೇ ಬರಹೇಳಿದರು. ಬೆಳಿಗ್ಗೆ ನಮ್ಮ ಮನೆಯ ಮುಂದೆ ಕಾರು ಬಂತು. ಅವ್ವ ಶಾಲು ಹೊದ್ದು ಕಾರು ಹತ್ತಿದಳು. ಬಾಗಿಲು ಹಾಕುವ ಮೊದಲು, "ನೀನೂ ಬಾ, ಜಾಗ ಅದೆ" ಎಂದು ಕರೆದಳು. ನಾನು ಬರುವುದಿಲ್ಲ ಎಂದು ಬಸ್ಸಿಗೆ ಹೋದೆ. ಒಂದೇ ಮನೆಯಿಂದ ಒಂದೇ ಕೋಣೆಗೆ ತಾಯಿ ಮಗಳು ಎರಡು ದಾರಿಯಲ್ಲಿ ಹೊರಟಿದ್ದೆವು. ಬಸ್ಸು ಕಾಡಿನ ನಡುವೆ ಆನೆ ದಾಟಲೆಂದು ನಿಂತಾಗ, ಆ ಕಾರೂ ನಮ್ಮ ಹಿಂದೆಯೇ ನಿಂತಿತ್ತು. ಅವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿ ಬಸ್ಸಿನಲ್ಲಿ ನನ್ನನ್ನು ಹುಡುಕುತ್ತಿದ್ದಳು. ನಾನು ಮುಖ ಆಚೆ ತಿರುಗಿಸಿದೆ.

ಮೊದಲು ನಿರ್ದೇಶಕರ ಸರದಿ. ಅಧಿಕಾರಿ ಹೆಂಗಸು, ಮಾತು ಕಡಿಮೆ. ಮೊಳಕೆಗಳನ್ನು ಬಿಸಾಡಲು ನೀವು ಹೇಳಿದ್ದು ನಿಜವೇ ಎಂದು ಕೇಳಿದರು. ನಿರ್ದೇಶಕರು ಕನ್ನಡಕ ಸರಿಮಾಡಿಕೊಂಡರು. ನೆನಪಿಲ್ಲ, ಆದರೆ ಹೇಳಿದ್ದರೂ ತಪ್ಪಿಲ್ಲ, ಹೊತ್ತು ಮೀರಿದ, ಒಣಗಿದ ಮೊಳಕೆಯನ್ನು ಎಸೆಯುವುದು ನಮ್ಮ ಪ್ರಯೋಗಾಲಯದ ನಿಯಮ ಎಂದರು. ಒಣಗಿದ್ದನ್ನು ಎಸೆಯುವವರು ಬಾಡಿಸುವ ವಿಧಾನ ಕಂಡುಹಿಡಿದದ್ದು ಹೇಗೆ? ಹೇಳಿಯಾದ ಮೇಲೆ ಏನು ಹೇಳಿದೆ ಎಂದು ಅವರಿಗೆ ಅರ್ಥವಾಗಿರಬೇಕು. ಅವರ ಪಕ್ಕದಲ್ಲಿ ಕೂತಿದ್ದ ಸಂಸ್ಥೆಯ ವಕೀಲರು ಹಣೆ ಒತ್ತಿಕೊಳ್ಳುತ್ತಿದ್ದರು.

ಆಮೇಲೆ ಅವ್ವ. ಕಂಪನಿಯ ವಕೀಲ ಮಲಯಾಳದಲ್ಲಿ ಒಂದೊಂದಾಗಿ ಕೇಳಿದ. ಬಾಡಿಸುವುದು ನಿಮಗೆ ಯಾರು ಕಲಿಸಿದರು, ಎಷ್ಟು ಕಾಲದಿಂದ ಮಾಡುತ್ತಿದ್ದೀರಿ, ಮಗಳಿಗೆ ನೀವೇ ಕಲಿಸಿದಿರಾ. ಅವ್ವ ಬೆನ್ನು ನೆಟ್ಟಗೆ ಮಾಡಿ ಕೂತು ಎಲ್ಲಕ್ಕೂ ಸ್ಪಷ್ಟವಾಗಿ ಹೇಳಿದಳು. ಒಂದು ಸುಳ್ಳೂ ಹೇಳಲಿಲ್ಲ. ವಕೀಲ ತೃಪ್ತಿಯಿಂದ ಕೂತ. ಅಧಿಕಾರಿ ನನ್ನ ಕಡೆ ನೋಡಿ, ಅರ್ಜಿದಾರರು ಸಾಕ್ಷಿಯನ್ನು ಏನಾದರೂ ಕೇಳಬೇಕೇ ಎಂದರು. ನಾನು ಎದ್ದು ಅವ್ವನ ಎದುರಿಗೆ ಕುರ್ಚಿ ಹಾಕಿಕೊಂಡೆ. ಕನ್ನಡದಲ್ಲಿ ಕೇಳಿ, ಅವಳು ಹೇಳಿದ್ದನ್ನು ನಾನೇ ಇಂಗ್ಲಿಷಿನಲ್ಲಿ ಹೇಳಿದೆ. ತಪ್ಪಿದರೆ ತಡೆಯಲು ಆ ಕಚೇರಿಯ ವಕೀಲರಿಗೆ ಕನ್ನಡ ಬರುತ್ತಿತ್ತು.

"ಅವ್ವ, ನೀನು ಮೊಳಕೆ ಬಾಡಿಸುತ್ತಿದ್ದದ್ದು ಯಾಕೆ?"

"ಗೊತ್ತಿಲ್ವಾ ನಿಂಗೆ? ಬೆಳೀದೆ ನಿಲ್ಲಲಿ ಅಂತ."

"ಬಾಡಿದ ಮೇಲೆ ಏನು ಮಾಡುತ್ತಿದ್ದೆ?"

"ನೀರ್ ಚಿಮುಕ್ಸಿ ಒಟ್ಲಿಗೆ ಬಿತ್ತೋದು."

"ಆ ಮೊಳಕೆಗೆಲ್ಲ ಸೂಜಿ ಚುಚ್ಚಿ, ನೀರಿನ ಬದಲು ಗಿಡಕ್ಕೆ ರೋಗ ತರುವ ಹುಳ ಬೆಳೆಸಿದ ನೀರು ಕುಡಿಸುತ್ತೇನೆ ಎಂದು ಯಾರಾದರೂ ಆಗ ಬಂದಿದ್ದರೆ?"

ಅವ್ವ ಕಣ್ಣು ಅಗಲಿಸಿದಳು. ಎಲ್ಲಿದ್ದೇನೆ ಎಂಬುದನ್ನೇ ಮರೆತಳು. "ರೋಗದ್ ನೀರಾ? ನನ್ ಬಿತ್ತಕ್ಕಾ? ಮೊರ ತಕೊಂಡ್ ಬಡ್ದು ಗದ್ದೆ ಬದೀನ್ ತನಕ ಅಟ್ಟಿರ್ತಿದ್ದೆ!"

ಇಂಗ್ಲಿಷಿನಲ್ಲಿ ಹೇಳಿದೆ. ಪರದೆಯ ಮೇಲೆ ಅಧಿಕಾರಿ ನಕ್ಕರು. ಕಂಪನಿಯ ವಕೀಲ ನಗಲಿಲ್ಲ.

"ನಮ್ಮವ್ವ ಬಾಡಿಸಿದ್ದು ಮೊಳಕೆ ನಿಲ್ಲಲಿ ಎಂದು," ಎಂದೆ. "ನಾನು ಬಾಡಿಸಿದ್ದು ಅದು ಕುಡಿಯಲಿ ಎಂದು. ಬಾಡಿಸುವುದು ಅವಳಿಂದ ಬಂತು, ನನ್ನ ಹೇಳಿಕೆಯಲ್ಲಿ ನಾನೇ ಬರೆದಿದ್ದೇನೆ. ಕುಡಿಸುವುದು ಅವಳದಲ್ಲ, ನಮ್ಮ ಅಜ್ಜಿಯದಲ್ಲ, ವಯನಾಡಿನದಲ್ಲ, ನಿರ್ದೇಶಕರದಂತೂ ಅಲ್ಲವೇ ಅಲ್ಲ. ಅದು ನನ್ನದು."

ಹೇಳಿ ಮುಗಿಸಿ ಕುರ್ಚಿಯನ್ನು ಮೊದಲಿನ ಜಾಗಕ್ಕೆ ಎಳೆದುಕೊಂಡೆ.

ಆದೇಶ ಬಂದದ್ದು ಎಷ್ಟೋ ಸಮಯದ ನಂತರ. ಪೇಟೆಂಟ್ ಉಳಿಯಿತು. ಅದರ ಹಕ್ಕು ಸಂಸ್ಥೆಯದೇ, ಅದು ನನಗೆ ಮೊದಲೇ ಗೊತ್ತಿತ್ತು. ಆವಿಷ್ಕಾರ ಮಾಡಿದವರು ಎಂಬ ಕಡೆ ನನ್ನ ಹೆಸರು ಸೇರಿತು. ಮೂರನೆಯದಾಗಿ. ನಿರ್ದೇಶಕರ ಹೆಸರು ಅಲ್ಲಿ ಯಾಕಿರಬೇಕು ಎಂದು ಕೇಳಿ ಮೇಲಿನವರ ಬಳಿಗೆ ಹೋಗಿದ್ದೇನೆ. ಅವರು ಸುಸ್ತಾಗುವ ತನಕ ಹೋಗುತ್ತಲೇ ಇರುತ್ತೇನೆ, ನನಗೇನೂ ಅವಸರವಿಲ್ಲ. ಆದರೆ ನಾನು ಬರೆಯಲು ಕೂತದ್ದು ಆ ಆದೇಶದ ಸಲುವಾಗಿ ಅಲ್ಲ, ವಿಚಾರಣೆ ಮುಗಿದ ಮೇಲೆ ನಡೆದದ್ದರ ಸಲುವಾಗಿ.

ನಾನು ಕೆಳಗೆ ಇಳಿದು ಬಂದಾಗ ಅವ್ವ ರಸ್ತೆ ಬದಿಯಲ್ಲಿ ಒಬ್ಬಳೇ ನಿಂತಿದ್ದಳು. ಕಾರು ಹೋಗಿಬಿಟ್ಟಿತ್ತು. ಬೆಳಿಗ್ಗೆ ಬಾಗಿಲು ತೆಗೆದು ಕೂರಿಸಿದ ವಕೀಲ ಅವಳಿಗೆ ಹೇಳಿಯೂ ಹೋಗಿರಲಿಲ್ಲ. ಶಾಲನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ನನಗೆ ಅವನ ಮೇಲೆ ಬಂದ ಸಿಟ್ಟಿನಲ್ಲಿ ಅವಳ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಹೋಟೆಲಿನಲ್ಲಿ ಚಹಾ ಕುಡಿಸಿ, ತಿರುನೆಲ್ಲಿ ಬಸ್ಸು ಹತ್ತಿಸಿದೆ. ಕಿಟಕಿಯ ಪಕ್ಕ ಅವಳನ್ನು ಕೂರಿಸಿ ನಾನು ಈಚೆ ಕೂತೆ.

ಬಸ್ಸು ಪೇಟೆ ದಾಟಿತು. ಕಾಫಿ ತೋಟಗಳು ಶುರುವಾದ ಮೇಲೆ ಅವಳೇ ಕೇಳಿದಳು.

"ನನ್ ಬಾಯಿಂದ್ಲೇ ನಂದಲ್ಲ ಅನ್ಸ್ದೆ, ಅಲ್ವಾ?"

"ಹೌದು ಅವ್ವ."

"ಅಷ್ಟು ಜನದ್ ಮುಂದೆ."

"ಹೌದು. ಇನ್ನೊಂದು ಸಲ ಕರೆದರೂ ಅದೇ ಕೇಳುತ್ತೇನೆ."

ಅವಳು ಅಳುತ್ತಾಳೆ ಅಥವಾ ಬೈಯುತ್ತಾಳೆ ಎಂದುಕೊಂಡಿದ್ದೆ. ಎರಡನ್ನೂ ಮಾಡಲಿಲ್ಲ. ಕಂಕುಳಲ್ಲಿದ್ದ ಶಾಲನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಕೇಳು, ಕೇಳ್ಬೇಕಾದ್ದೇ," ಅಂದಳು. "ನಿಂದು ನೀ ಕೇಳ್ದೆ ಇನ್ಯಾರ್ ಕೇಳ್ತಾರೆ. ನಾ ಈ ಮನೆಗೆ ಬಂದಾಗ್ಲಿಂದ ಆ ಗದ್ದೇಲಿ ಬಗ್ಗಿವ್ನಿ. ನಿಮ್ಮಪ್ಪ ಹೋದ್ಮೇಲೆ ನಾನೊಬ್ಳೇ. ಗದ್ದೆ ಪಟ್ಟಯ ಯಾರ್ ಹೆಸ್ರಲ್ಲಿದೆ? ನಿನ್ ಚಿಕ್ಕಪ್ಪನ್ ಹೆಸ್ರಲ್ಲಿ. ಅವ್ನು ಆ ಕೆಸರಿಗೆ ಕಾಲಿಟ್ಟವ್ನಾ? ನಂದು ಅಂತ ಬರ್ಸ್ಕೊಡಿ ಅಂತ ನಾ ಒಂದಿನಾನೂ ಕೇಳ್ಲಿಲ್ಲ ಮಗ್ಳೇ. ಕೇಳ್ಬೋದು ಅಂತ್ಲೇ ಗೊತ್ತಿರ್ಲಿಲ್ಲ. ಆ ವಕೀಲ ಬಂದು, ಅಮ್ಮಾ ಇದು ನಿಮ್ದಾ ಅಂದ. ನನ್ ಜಲ್ಮದಲ್ಲೇ ಯಾರೂ ಹಂಗ್ ಕೇಳಿರ್ಲಿಲ್ಲ. ಹೌದು ಅಂದ್ಬುಟ್ಟೆ."

ನನ್ನ ಹೆಸರಿಗಾಗಿ ನಾನು ಊರೂರಿಗೆ ಕಾಗದ ಬರೆದೆ, ಕಾನೂನು ಓದಿದೆ, ದೊಡ್ಡವರ ಎದುರು ನಿಂತೆ. ಆ ಎಲ್ಲ ದಿನಗಳಲ್ಲೂ ಇವಳು ಬೆಳಿಗ್ಗೆ ಎದ್ದು ಬೇರೆಯವರ ಹೆಸರಿನ ಗದ್ದೆಗೆ ನೀರು ಬಿಟ್ಟು ಬಂದು, ನನಗೆ ಬುತ್ತಿ ಕಟ್ಟಿಕೊಡುತ್ತಿದ್ದಳು. ಗದ್ದೆಯ ಪಟ್ಟಯ, ಅಂದರೆ ಹಕ್ಕುಪತ್ರ, ಚಿಕ್ಕಪ್ಪನ ಹೆಸರಿನಲ್ಲಿದೆ ಎಂದು ನನಗೂ ಗೊತ್ತಿತ್ತು. ಅದು ಹಾಗೇ ಇರುವುದು ಎಂದುಕೊಂಡ ಮನೆಯವರಲ್ಲಿ ನಾನೂ ಒಬ್ಬಳು.

"ವಿಲೇಜ್ ಆಫೀಸಿಗೆ ಹೋಗೋಣ ಅವ್ವ," ಎಂದೆ. "ನಿನ್ನ ಪಾಲು ನಿನ್ನ ಹೆಸರಿಗೆ ಬರಲಿ. ನಾಳೆಯೇ ಹೋಗೋಣ."

"ನಿನ್ ಚಿಕ್ಕಪ್ಪ ಕುಣೀತಾನೆ."

"ಕುಣಿಯಲಿ."

"ಊರಿಗೂರೇ ಆಡ್ಕೊಳ್ತದೆ."

"ಆಡಿಕೊಳ್ಳಲಿ."

ಬಸ್ಸು ಕಾಡಿನೊಳಗೆ ಇಳಿಯಿತು. ಅವ್ವ ಶಾಲನ್ನು ಬಿಡಿಸಿ ಮತ್ತೆ ಹೊದ್ದುಕೊಂಡಳು. ಅದನ್ನು ಕೊಟ್ಟವರು ಯಾರಾದರೇನು, ಚಳಿಗೆ ಒಳ್ಳೆಯ ಶಾಲು.

"ನಾಳೆ ಬ್ಯಾಡ," ಅಂದಳು. "ನಾಳೆ ಎರಡ್ನೇ ಶನಿವಾರ, ಆಪೀಸಿಲ್ಲ. ಸೋಮಾರ ಮೊದಲ್ನೇ ಬಸ್ಸಿಗೇ ಹೋಗಾನ."